ಬೋಲ್ಟಿನ ಭಾಗ್ಯ

ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಹೋದಾಗಲೆಲ್ಲ, ಬೋಲ್ಟುಗಳಿಗೆ ಲೋಹದ ಲೇಪ ಹಾಕುವ ಒಂದು ಪ್ಲೇಟಿಂಗ್ ಶೆಡ್ಡಿನ ಫಲಕವನ್ನು ನಾನು ತಪ್ಪದೆ ಓದುತ್ತೇನೆ. ಅಪಾಯಕಾರಿ ರಾಸಾಯನಿಕಗಳ ವಿವರವನ್ನು ಕಾರ್ಖಾನೆಯ ಗೇಟಿನ ಹೊರಗೆ ಪ್ರಕಟಿಸಬೇಕೆಂದು ಸುಪ್ರೀಂ ಕೋರ್ಟು 2003ರಲ್ಲಿ ಹೇಳಿದ್ದನ್ನು ಈ ಶೆಡ್ಡಿನವರು ಶಿರಸಾವಹಿಸಿದ್ದಾರೆ. ಪೇಂಟರನನ್ನು ಕರೆಸಿ ಆಯಿಲ್ ಪೇಂಟಿನಲ್ಲಿಯೇ ಬರೆಸಿರುವುದರಿಂದ ಅಂಕಿಗಳು ಮಳೆಗೆ ಅಳಿಸುವುದಿಲ್ಲ, ತಪಾಸಣೆಗೂ ಬದಲಾಗುವುದಿಲ್ಲ. ಲೇಪದ ತೊಟ್ಟಿಯಲ್ಲಿ ಬಳಸುವ ವಿಷಕಾರಿ ರೂಪದ ಕ್ರೋಮಿಯಂ, ಅಂದರೆ ಹೆಕ್ಸಾವೇಲೆಂಟ್ ಕ್ರೋಮಿಯಂ ಎಂಬ ಸಾಲಿನ ಎದುರು ಸದಾಕಾಲ 'ಮಿತಿಯೊಳಗೆ' ಎಂದಿದೆ. 2020ರ ಲಾಕ್‌ಡೌನಿನಲ್ಲಿ ಶೆಡ್ಡು ಮುಚ್ಚಿದ್ದಾಗಲೂ ಅದು ಮಿತಿಯೊಳಗೇ ಇತ್ತು; ಆ ಕೆಲವು ವಾರ ಮಾತ್ರ ಫಲಕ ನಿಜ ನುಡಿಯಿತೆಂದು ನನ್ನ ಗುಮಾನಿ.

ಒಳಗೆ ಎರಡು ಪಂಕ್ತಿ. ಯುರೋಪಿಗೆ ಹೋಗುವ ಬೋಲ್ಟಿಗೆ ಅಷ್ಟು ವಿಷವಲ್ಲದ ಟ್ರೈವೇಲೆಂಟ್ ಕ್ರೋಮಿಯಂ ತೊಟ್ಟಿಯಲ್ಲಿ ತಿಳಿನೀಲಿ ಸ್ನಾನ. ವಿದ್ಯುನ್ಮಾನ ಉಪಕರಣಗಳಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ತೂಕದ ಶೇ. 0.1 ಮೀರಬಾರದೆಂದು ಅಲ್ಲಿಯವರು 2006ರಿಂದಲೇ ನಿರ್ಬಂಧಿಸಿರುವುದರಿಂದ, ಈ ಬೋಲ್ಟಿನ ಜೊತೆ ಮದುಮಗಳ ಜಾತಕದಂತೆ ಪ್ರಯೋಗಾಲಯದ ಪತ್ರವೂ ಹೊರಡುತ್ತದೆ. ನಮ್ಮ ಟ್ರ್ಯಾಕ್ಟರ್ ಟ್ರೇಲರಿನ ಬೋಲ್ಟಿಗೆ ಜಾತಕವಿಲ್ಲ, ಹೆಕ್ಸಾವೇಲೆಂಟಿನ ಹಳೆಯ ಹಳದಿ ತೊಟ್ಟಿಯೇ ಗತಿ. ಊರಿನ ಗಿರಾಕಿಗೆ ಬಂಗಾರದ ಬಣ್ಣವೇ ಬೇಕಂತೆ.

ನಮ್ಮಲ್ಲಿ ಕಾನೂನಿಲ್ಲವೆಂದು ಯಾರೂ ದೂರಬಾರದು. ಕೆರೆ ಹಳ್ಳಗಳಿಗೆ ಬಿಡುವ ಒಂದು ಲೀಟರ್ ನೀರಿನಲ್ಲಿ ಈ ಕ್ರೋಮಿಯಂ 0.1 ಮಿಲಿಗ್ರಾಂ ಮೀರಕೂಡದು. ಅಂದರೆ ಕಣ್ಣಿಗೆ ಹಳದಿ ಕಾಣುವಷ್ಟಿದ್ದರೆ ಮಿತಿ ಎಂದೋ ದಾಟಿದೆ. ಶುದ್ಧೀಕರಣವೂ ದೊಡ್ಡ ವಿದ್ಯೆಯೇನಲ್ಲ: ನೀರನ್ನು ಆಮ್ಲೀಯವಾಗಿಸಿ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿದರೆ ಹಳದಿ ಹೋಗಿ ಹಸಿರಾಗುತ್ತದೆ, ಆಮೇಲೆ ಸುಣ್ಣ ಹಾಕಿದರೆ ಕೆಸರಾಗಿ ಕೆಳಗಿಳಿಯುತ್ತದೆ. ಆ ಕೆಸರನ್ನು ಅಪಾಯಕಾರಿ ತ್ಯಾಜ್ಯವೆಂದು ಲೆಕ್ಕ ಬರೆದು ಸಾಗಿಸಬೇಕು. ನಮ್ಮ ಶೆಡ್ಡಿನಲ್ಲಿ ಈ ಹಸಿರು ಹಬ್ಬವು ತಪಾಸಣೆಯ ಜೀಪು ಬರುವ ದಿನ ಜರುಗುತ್ತದೆ, ಮತ್ತು ಜೀಪು ಬರುವ ದಿನ ಶೆಡ್ಡಿಗೆ ಮೊದಲೇ ಗೊತ್ತಿರುತ್ತದೆ. ಉಳಿದ ದಿನಗಳಲ್ಲಿ ಹಿಂದಿನ ಗಟಾರು ಅರಿಶಿನದ ನೀರಿನಂತೆ ಹರಿಯುತ್ತದೆ.

ನಗುವುದು ಇಲ್ಲಿಗೆ ಸಾಕಾಯಿತು. ಈ ಹೆಕ್ಸಾವೇಲೆಂಟ್ ಕ್ರೋಮಿಯಂ ಶ್ವಾಸಕೋಶದ ಕ್ಯಾನ್ಸರ್ ತರುತ್ತದೆಂಬುದರಲ್ಲಿ ವಿಜ್ಞಾನಿಗಳಿಗೆ ಅನುಮಾನ ಉಳಿದಿಲ್ಲ. ಕ್ರೋಮ್ ತೊಟ್ಟಿಯಿಂದ ಏಳುವ ಮಂಜು ಮೂಗಿನ ನಡುಗೋಡೆಯನ್ನೇ ತೂತು ಮಾಡುತ್ತದೆಂಬುದು ನೂರು ವರ್ಷದ ಹಳೆಯ ಸಂಗತಿ. ಆ ತೊಟ್ಟಿಯ ಮೇಲೆ ಬಗ್ಗಿ ನಿಂತ ಹುಡುಗನ ಕಾಲಲ್ಲಿ ಹವಾಯಿ ಚಪ್ಪಲಿ, ಮುಖಕ್ಕೆ ಕರವಸ್ತ್ರ. ಬೋಲ್ಟಿನ ಮೈಮೇಲೆ ಎಷ್ಟು ಕ್ರೋಮಿಯಂ ಇದೆಯೆಂದು ಸಾವಿರಾರು ಮೈಲಿ ಆಚೆಯವರು ಕೇಳಿ ತಿಳಿದುಕೊಳ್ಳುತ್ತಾರೆ. ಈ ಹುಡುಗನ ಮೂಗಿನೊಳಗೆ ಟಾರ್ಚು ಹಿಡಿದು ನೋಡಿದವರು ಒಬ್ಬರೂ ಇಲ್ಲ.