ಕನ್ನಂಬಾಡಿ ಎಷ್ಟು ಅಡಿ, ಮೆಟ್ಟೂರು ಎಷ್ಟು ಅಡಿ

ನಾನು ಮಂಡ್ಯ ಕಡೆಯವ್ನು, ಕೆಲ್ಸದ ಮೇಲೆ ತಿರುಚಿಗೆ ಬಂದು ಇಲ್ಲೇ ಉಳ್ಕೊಂಡಿದೀನಿ. ಮಳೆಗಾಲ ಬಂದ್ರೆ ಊರಲ್ಲಿ ಎಲ್ರ ಬಾಯಲ್ಲೂ ಕನ್ನಂಬಾಡಿ ಕಟ್ಟೇಲಿ (ಕೆಆರ್‌ಎಸ್) ಎಷ್ಟು ಅಡಿ ನೀರು ಅನ್ನೋದೇ ಮಾತು, ಇಲ್ಲಿ ಟೀ ಅಂಗಡೀಲಿ ಕಾವೇರಿಗೇ ತಮಿಳುನಾಡಲ್ಲಿ ಕಟ್ಟಿರೋ ಮೆಟ್ಟೂರು ಡ್ಯಾಮ್ ಎಷ್ಟಾಯ್ತು ಅಂತ ಕೇಳ್ತಾರೆ. ಅಲ್ಲಿ 124.80 ಆದ್ರೆ ತುಂಬ್ತು, ಇಲ್ಲಿ 120. ಆದ್ರೆ ಮೆಟ್ಟೂರಲ್ಲಿ ಹಿಡಿಯೋದು 93 ಟಿಎಂಸಿ (ಶತಕೋಟಿ ಘನ ಅಡಿ), ನಮ್ಮ ಕಟ್ಟೇಲಿ ಬರೀ 49.

ನಂಗನ್ಸೋ ಪ್ರಕಾರ ಎರಡು ರಾಜ್ಯದ ಈ ಕಾವೇರಿ ನೀರಿನ ಜಗಳ ಪೂರ್ತಿ ಇರೋದೇ ತಿಂಗಳ ಲೆಕ್ಕದಲ್ಲಿ. 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಗಡೀಲಿ ನೀರು ಅಳೆಯೋ ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 177.25 ಟಿಎಂಸಿ ಹರೀಬೇಕು, ಅದ್ರಲ್ಲಿ 123 ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಹರಿದ್ಬಿಡ್ಬೇಕು. ಯಾಕಂದ್ರೆ ಇಲ್ಲಿ ಜೂನ್ 12ಕ್ಕೆ ಮೆಟ್ಟೂರು ಗೇಟ್ ಎತ್ತಿ, ಕೆಳಗಿನ ಕಲ್ಲಣೆ ಅಣೆಕಟ್ಟಿಂದ ನಾಲೆಗಳಿಗೆ ಬಿಟ್ಟು ಕುರುವೈ ಅನ್ನೋ ಮೊದಲ ಭತ್ತ ಹಾಕೋದು ವಾಡಿಕೆ, ಎಷ್ಟೋ ವರ್ಷ ಆ ಹೊತ್ತಿಗೆ ಕೊಡಗಲ್ಲಿ ಮಳೇನೇ ಸರಿಯಾಗಿ ಹಿಡಿದಿರಲ್ಲ. ಆಮೇಲಿನ ಸಾಂಬಾ ಭತ್ತದ ಬೆಳೆಗೆ ಅಕ್ಟೋಬರ್ ಮೇಲೆ ಹಿಂಗಾರು ಕೈ ಹಿಡಿಯುತ್ತೆ. ನಮ್ಮೋರು 'ಅವ್ರಿಗೆ ಹಿಂಗಾರು ಇದೆಯಲ್ಲ' ಅಂತಾರೆ, ನಿಜಾನೇ, ಆದ್ರೆ ಆಗಸ್ಟ್‌ನಲ್ಲಿ ಒಣಗ್ತಿರೋ ಪೈರಿಗೆ ಅಕ್ಟೋಬರ್ ಮಳೆ ಕಟ್ಕೊಂಡು ಏನಾಗ್ಬೇಕು. 2023ರಲ್ಲಿ ಅದೇ ಆಯ್ತು, ಅಲ್ಲಿ ಬಂದ್, ಇಲ್ಲಿ ಗದ್ದೆ ಬಿರುಕು. 2024ರಲ್ಲಿ ಗೇಟ್ ಎತ್ತಿದ್ದೇ ಜುಲೈ ಕೊನೇಲಿ, ಎರಡ್ಮೂರು ದಿನಕ್ಕೆಲ್ಲ ಡ್ಯಾಮ್ 120 ಮುಟ್ತು!

ಇಲ್ಲಿ ಒಂದು ಮೆಚ್ಚಬೇಕು. ಗೇಟ್ ಎತ್ತೋ ಮುಂಚೆ ಬೇಸಿಗೇಲಿ ನಾಲೆ ಹೂಳೆತ್ತುತಾರೆ, ಜೆಸಿಬಿಗಳು ಗರ್ರ್ ಅಂತಿರ್ತವೆ, ಅರ್ಧಂಬರ್ಧ ಕೆಲ್ಸ ಅಂತ ರೈತರು ಬೈತಾನೇ ಇರ್ತಾರೆ, ಆದ್ರೂ ವರ್ಷಾ ವರ್ಷ ನಡೆಯುತ್ತೆ. ನಮ್ಮ ಕನ್ನಂಬಾಡಿ ನೀರಿನ ವಿಸಿ (ವಿಶ್ವೇಶ್ವರಯ್ಯ) ನಾಲೆ ಬಯಲಿಗೆ ವಿಶ್ವೇಶ್ವರಯ್ಯನವ್ರು ಬ್ಲಾಕ್ ಪದ್ಧತಿ ಅಂತ ಹಾಕ್ಕೊಟ್ಟಿದ್ರು, ಒಂದು ಪಾಲು ಭತ್ತ, ಒಂದು ಪಾಲು ಕಬ್ಬು, ಇನ್ನೊಂದು ಪಾಲು ಕಮ್ಮಿ ನೀರಿನ ಅರೆಖುಷ್ಕಿ. ಈಗ ಎತ್ತ ನೋಡಿದ್ರೂ ಕಬ್ಬು ಭತ್ತ, ಕಟ್ಟು ನೀರು (ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಸೋದು) ಅಂದ ತಕ್ಷಣ ಮದ್ದೂರು ಮಳವಳ್ಳಿ ಕಡೇ ಭಾಗದೋರಿಗೆ ಬರೋದು ನಾಲೆ ತಳದ ಕೆಸರು.

ಹಾಗಂತ ಇಲ್ಲಿಯವ್ರೇನು ಸಾಚಾ ಅಲ್ಲ. ಕಾವೇರಿಯಿಂದ ಕವಲೊಡೆಯೋ ಕೊಳ್ಳಿಡಂ ಹೊಳೇಲಿ ಮರಳು ಬಗೆದು ಬಗೆದು ಗುಂಡಿ ಮಾಡಿದಾರೆ. ತೀರ್ಪು ಬಂದ ಅದೇ 2018ರ ಆಗಸ್ಟ್‌ನಲ್ಲಿ, ಬ್ರಿಟಿಷ್ ಇಂಜಿನಿಯರ್ ಕಾಟನ್ 1836ರಲ್ಲಿ ಆ ಹೊಳೆಗೆ ಕಟ್ಟಿಸಿದ ಮುಕ್ಕೊಂಬು ಅಣೇಲಿ ಪ್ರವಾಹಕ್ಕೆ 9 ಶಟರ್ ಕೊಚ್ಚೋದ್ವು.

ಕೊರತೆ ವರ್ಷದಲ್ಲಿ ಬೋರ್ ಇದ್ದೋರಷ್ಟೇ ಕುರುವೈ ಹಾಕ್ಲಿ, ಮಿಕ್ಕೋರು ಸಾಂಬಾಗೆ ನೇರ ಬಿತ್ತನೆ ಮಾಡ್ಲಿ, ನಮ್ಮಲ್ಲಿ ಬ್ಲಾಕ್ ವಾಪಸ್ ಬರ್ಲಿ. ಇದನ್ನ ಕೋರ್ಟ್ ಹೇಳೋದಕ್ಕಿಂತ ರೈತರೇ ಮೇ ತಿಂಗಳಲ್ಲಿ ಕೂತು ಮಾತಾಡ್ಕೋಬೇಕು, 2003ರಲ್ಲಿ ಕಾವೇರಿ ಕುಟುಂಬ ಅಂತ ಮಾಡ್ಕೊಂಡು ಎರಡೂ ಕಡೆಯೋರು ಕೂತಿದ್ರು ಕೂಡ. ಕರ್ನಾಟಕ ಕಟ್ಬೇಕು, ತಮಿಳುನಾಡು ಬೇಡ ಅಂತಿರೋ ಮೇಕೆದಾಟು ಅಣೆಕಟ್ಟಿನ ವಿಷ್ಯ ಮಾತ್ರ ನಾನಿಲ್ಲಿ ಎತ್ತೋಕೆ ಹೋಗಲ್ಲಪ್ಪ, ಬಾಡಿಗೆ ಮನೇಲಿರೋನು.