ಒಂದೂವರೆ ಮುಷ್ಟಿ ಪ್ರಪಂಚ

ನಮ್ಮನೆ ಬಚ್ಚಲಿನ ಬಾಗಿಲ ಹತ್ತಿರ ಒಂದು ನೀಲಿ ಬಕೆಟ್ ಇದೆ. ಹದಿನಾಲ್ಕು ವರ್ಷದಿಂದ ನಾನು ಅದನ್ನು ಎಡವುತ್ತಿದ್ದೇನೆ. ಜಾಗ ಬದಲಾಯಿಸಿ ನೋಡಿದೆವು. ಹೊಸ ಜಾಗದಲ್ಲೂ ಎಡವಿದೆ. ಇದೇ ನಾನು ಜಗಲಿಯಲ್ಲಿ ಕೂತು, ಪೇಪರಿನ ಮೂಲೆಯಲ್ಲಿರುವ ಶ್ರದ್ಧಾಂಜಲಿಯ ಇರುವೆಯಂಥ ಅಕ್ಷರಗಳನ್ನು ಕನ್ನಡಕವಿಲ್ಲದೆ ಓದಿ ಹೇಳುತ್ತೇನೆ. ಅತ್ತೆಗೆ ಇದು ಇವತ್ತಿಗೂ ಬಿಡಿಸಲಾಗದ ಒಗಟು.

"ಸತ್ತವರ ಹೆಸರು ಕಾಣ್ತದೆ, ಇಷ್ಟು ದೊಡ್ಡ ಬಕೆಟ್ ಕಾಣೋದಿಲ್ಲ. ಎಂತ ಕಣ್ಣೋ ನಿಂದು!"

ಎಂತ ಕಣ್ಣು ಅನ್ನುವುದಕ್ಕೆ ಡಾಕ್ಟರು ಕೊಟ್ಟ ಹೆಸರು ರೆಟಿನೈಟಿಸ್ ಪಿಗ್ಮೆಂಟೋಸಾ. ಕೇಳಿದರೆ ಬೇಕರಿಗೆ ಹೊಸದಾಗಿ ಬಂದ ಐಟಂ ಅನ್ನಿಸುತ್ತದೆ. ಕಣ್ಣಿನ ಹಿಂದಿನ ಪರದೆಯಲ್ಲಿ ಎರಡು ಬಗೆಯ ಕೋಶಗಳಿರುತ್ತವಂತೆ. ಮಬ್ಬು ಬೆಳಕಿಗೆ, ಅಕ್ಕಪಕ್ಕದ ನೋಟಕ್ಕೆ ರಾಡ್‌ಗಳು. ಬಣ್ಣಕ್ಕೆ, ಸಣ್ಣ ಅಕ್ಷರಕ್ಕೆ ಕೋನ್‌ಗಳು. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ರಾಡ್‌ಗಳು ಕೆಲಸ ಬಿಟ್ಟು ಹೊರಡುತ್ತವೆ. ಹಾಗಾಗಿ ಮೊದಲು ರಾತ್ರಿ ಹೋಗುತ್ತದೆ, ಆಮೇಲೆ ಅಂಚು ಹೋಗುತ್ತದೆ. ನಡುವೆ ಒಂದು ಕಿಂಡಿ ಉಳಿಯುತ್ತದೆ.

ಆ ಕಿಂಡಿ ಎಷ್ಟಗಲ ಅಂತ ಎಲ್ಲರೂ ಕೇಳುತ್ತಾರೆ. ಕೈ ಮುಂದೆ ಚಾಚಿ ಮುಷ್ಟಿ ಹಿಡಿಯಿರಿ. ಅದು ಸುಮಾರು 10 ಡಿಗ್ರಿ. ಎರಡು ಕಣ್ಣೂ ಸರಿ ಇರುವವರಿಗೆ 180 ಡಿಗ್ರಿಯ ಆಸುಪಾಸು ಕಾಣುತ್ತದೆ. ನನಗೆ 15. ಅಂದರೆ ಒಂದೂವರೆ ಮುಷ್ಟಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪ್ರಕಾರ ನೋಟದ ಅಗಲ 10 ಡಿಗ್ರಿಗಿಂತ ಕಡಿಮೆಯಾದರೆ ಕುರುಡು, 10ರಿಂದ 40ರೊಳಗಿದ್ದರೆ ಮಂದದೃಷ್ಟಿ. ನಮ್ಮ ಬಕೆಟ್‌ಗೆ ಕಾಯ್ದೆ ಚೆನ್ನಾಗಿ ಗೊತ್ತು. ಅದು ಯಾವಾಗಲೂ ಹದಿನಾರನೇ ಡಿಗ್ರಿಯಲ್ಲಿ ಕೂರುತ್ತದೆ.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಎಂಟನೇ ಕ್ಲಾಸ್ ಬಿ ಸೆಕ್ಷನ್‌ನಲ್ಲಿ ನಲವತ್ತೆರಡು ಮಕ್ಕಳು. ಬೋರ್ಡಿನ ಹತ್ತಿರ ನಿಂತರೆ ಮುಂದಿನ ಬೆಂಚಿನಲ್ಲಿ ಒಂದು ಸಲಕ್ಕೆ ಒಂದು ಮುಖ ಪೂರ್ತಿ, ಇನ್ನೊಂದು ಅರ್ಧ ಕಾಣುತ್ತದೆ. ಉಳಿದವರು ಇದ್ದಾರೆ ಅಂತ ನಂಬಿಕೊಂಡು ಪಾಠ ಮಾಡುವುದು. ಇದನ್ನು ಮಕ್ಕಳು ಜೂನ್ ಮುಗಿಯುವುದರೊಳಗೆ ಕಂಡುಹಿಡಿದರು. ಜುಲೈಯಲ್ಲಿ ಕಿಟಕಿ ಪಕ್ಕದ ಸಾಲಿಗೆ ಭಾರೀ ಬೇಡಿಕೆ. ಆದರೆ ನೆಲ್ಲಿಕಾಯಿ ಕಚ್ಚಿದರೆ ಸದ್ದು ಬರುತ್ತದೆ, ಪೇರಲೆಹಣ್ಣು ತಂದರೆ ವಾಸನೆ ಬರುತ್ತದೆ ಅನ್ನುವುದು ಪಾಪ ಅವರಿಗೆ ಹೊಳೆದಿರಲಿಲ್ಲ. ಬೋರ್ಡಿನ ಮೇಲೆ ಬರೆಯುತ್ತಾ, ತಿರುಗದೆ, "ಮೂರನೇ ಬೆಂಚು, ಉಪ್ಪು ಹಾಕಿದ್ದು ಜಾಸ್ತಿಯಾಯ್ತಾ?" ಅಂದೆ. ಕ್ಲಾಸು ಗಪ್‌ಚಿಪ್. ಆವತ್ತಿನಿಂದ ನನಗೆ ಬೆನ್ನಲ್ಲಿ ಕಣ್ಣಿದೆ ಅಂತ ಸುದ್ದಿ. ಮುಖದಲ್ಲಿರುವುದೇ ಅಷ್ಟಕ್ಕಷ್ಟೆ ಅಂತ ಯಾರಿಗೆ ಹೇಳಲಿ?

ದೊಡ್ಡವರ ಹತ್ತಿರ ಈ ಆಟ ನಡೆಯುವುದಿಲ್ಲ. ಒಮ್ಮೆ ಪಾಠದ ನಡುವೆ ಬಾಗಿಲಲ್ಲಿ ಬಿಳಿ ಅಂಗಿಯ ಒಂದು ತುಂಡು ಕಂಡಿತು. ಅಟೆಂಡರ್ ಸರ್ಕ್ಯುಲರ್ ಪುಸ್ತಕ ತಂದಿದ್ದಾನೆ ಅಂದುಕೊಂಡು, ಪಾಠ ನಿಲ್ಲಿಸದೆ ಕೈ ಚಾಚಿ, "ಕೊಡು ಇಲ್ಲಿ, ಎಲ್ಲಿ ಸೈನ್ ಹಾಕ್ಬೇಕು?" ಅಂದೆ. ಆ ಕಡೆಯಿಂದ ಗಂಭೀರ ದನಿ: "ಸೈನ್ ಹಾಕೋಕೆ ನಾನೇ ಬಂದಿದ್ದೇನೆ ಮೇಡಂ." ಇಲಾಖೆಯಿಂದ ತಪಾಸಣೆಗೆ ಬಂದ ಸಾಹೇಬರು. ಚಾಚಿದ ಕೈಯನ್ನು ಏನು ಮಾಡುವುದು? ಹಾಗೇ ಮೇಲೆತ್ತಿ, ಇನ್ನೊಂದು ಕೈ ಸೇರಿಸಿ ನಮಸ್ಕಾರ ಮಾಡಿದೆ.

ಸಮಾಧಾನ ಹೇಳುವವರಿಗೇನೂ ಬರವಿಲ್ಲ. ಸಂಗೀತ ಗೊತ್ತಿದ್ದವರು ಗದಗಿನ ಪುಟ್ಟರಾಜ ಗವಾಯಿಗಳ ಉದಾಹರಣೆ ಕೊಡುತ್ತಾರೆ. ನಾನು ಹಾಡಿದರೆ ಅತ್ತೆ ಬಕೆಟ್ ಹಿಡಿದುಕೊಂಡು ತೋಟಕ್ಕೆ ಹೋಗುತ್ತಾರೆ. ಇಂಗ್ಲಿಷ್ ಓದಿಕೊಂಡವರು ತಪ್ಪದೆ ಮಿಲ್ಟನ್‌ನನ್ನು ಕರೆತರುತ್ತಾರೆ. 1652ರ ಹೊತ್ತಿಗೆ ಅವನಿಗೆ ಪೂರ್ತಿ ಕಣ್ಣು ಹೋಗಿತ್ತು, ದೊಡ್ಡ ಕಾವ್ಯವನ್ನು ಆಮೇಲೇ ಬೇರೆಯವರ ಕೈಲಿ ಬರೆಸಿದ, ಎಲ್ಲ ನಿಜ. ಅವನೂ ಮೇಷ್ಟ್ರ ಕೆಲಸ ಮಾಡಿದ್ದ. ಆದರೆ ಅದು ಕಣ್ಣಿದ್ದಾಗ. ಕಣ್ಣು ಹೋದಮೇಲೆ ಅವನನ್ನು ಯಾರೂ ಎಂಟನೇ ಬಿ ಸೆಕ್ಷನ್‌ಗೆ ಕಳಿಸಲಿಲ್ಲ.

ಇಂಗ್ಲಿಷಿನಲ್ಲಿ ನೋಡುವುದಕ್ಕೆ ಮೂರು ಮಾತು: ಸೀ, ಲುಕ್, ವಾಚ್. ನಮ್ಮಲ್ಲಿ 'ನೋಡು' ಒಂದೇ ಮೂರು ಆಳಿನ ಕೆಲಸ ಮಾಡುತ್ತದೆ. ಅಷ್ಟೇ ಅಲ್ಲ, ನಾವು ತಿಂದು ನೋಡುತ್ತೇವೆ, ಕೇಳಿ ನೋಡುತ್ತೇವೆ, ಮೂಸಿ ನೋಡುತ್ತೇವೆ. ಹಾಗಾಗಿ ಈ ಪಾಠ ಪ್ರತಿವರ್ಷ ಕೈಕೊಡುತ್ತದೆ. ಈ ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು, "ಮಿಸ್, ನೀವು ಮಾಡೋದು ಯಾವ್ದು? ಸೀನಾ, ಲುಕ್ಕಾ, ವಾಚಾ?"

ಕ್ಲಾಸು ಉಸಿರು ಬಿಗಿಹಿಡಿಯಿತು. ನಾನು ಬಕೆಟ್ ಕತೆ ಹೇಳಿದೆ. "ಕಣ್ಣು ಆ ಕಡೆ ಕಳಿಸೋದು ಲುಕ್. ಅಲ್ಲಿದ್ದದ್ದು ಕಣ್ಣಿಗೆ ಬಿದ್ರೆ ಸೀ. ನಾನು ಲುಕ್ ಮಾಡ್ತೀನಿ, ಸೀ ಆಗಲ್ಲ." ಕಿರುಪರೀಕ್ಷೆಯಲ್ಲಿ ಎರಡನ್ನೂ ಸೇರಿಸಿ ವಾಕ್ಯ ಬರೆಯಿರಿ ಅಂತ ಕೊಟ್ಟೆ. ಮೂವತ್ತೊಂದು ಮಕ್ಕಳು ಒಂದೇ ಉತ್ತರ ಬರೆದಿದ್ದರು: 'ಅವರ್ ಮಿಸ್ ಲುಕ್ಸ್, ಬಟ್ ಶೀ ಡಸ್ ನಾಟ್ ಸೀ ದ ಬಕೆಟ್.' ವ್ಯಾಕರಣದಲ್ಲಿ ಒಂದು ತಪ್ಪಿಲ್ಲ. ಎಲ್ಲರಿಗೂ ಪೂರ್ತಿ ಅಂಕ ಕೊಟ್ಟೆ. ಒಬ್ಬ ಮಾತ್ರ 'ಬಫೆಲೋ' ಅಂತ ಬರೆದಿದ್ದ. ಅವನಿಗೂ ಕೊಟ್ಟೆ. ಅದೂ ಒಮ್ಮೆ ಆಗಿದೆ.

ಜನರಿಗೆ ನನ್ನ ಮೇಲಿರುವ ದೂರು ಒಂದೇ. ಕಾಣುತ್ತೆ ಅನ್ನು, ಇಲ್ಲ ಕಾಣಲ್ಲ ಅನ್ನು, ಎರಡರಲ್ಲಿ ಒಂದು ಹೇಳು. ಸಾಗರದಿಂದ ಶಿವಮೊಗ್ಗಕ್ಕೆ ಹೊರಟಿದ್ದೆ. ಬಸ್ಸು ತುಂಬಿತ್ತು. ಬ್ಯಾಗಿನಿಂದ ಮಡಚುವ ಬಿಳಿಕೋಲು ತೆಗೆದು ಟಕಟಕ ಬಿಡಿಸಿದೆ. ಪಾಪ, ಒಬ್ಬ ಅಜ್ಜ ತಡಮಾಡದೆ ಎದ್ದು, "ಬಾ ಮಗಾ, ಕೂತ್ಕೊ" ಅಂತ ಸೀಟು ಬಿಟ್ಟುಕೊಟ್ಟರು. ಕೂತೆ. ಆನಂದಪುರ ಬರುವ ಹೊತ್ತಿಗೆ ಕೋಲಿನ ವಿಷಯ ಮರೆತೇ ಹೋಗಿ, ಮೊಬೈಲ್ ತೆಗೆದು ವಾಟ್ಸಾಪ್ ಓದುತ್ತಾ ನಗಲು ಶುರುಮಾಡಿದೆ. ತಲೆಯ ಮೇಲಿಂದ ದನಿ ಬಂತು.

"ಎಂತ ಮಾರಾಯ್ತಿ, ಕಣ್ಣು ಬಂತಾ?"

ರಾಡು, ಕೋನು, ಮುಷ್ಟಿ ಎಲ್ಲ ವಿವರಿಸಿದೆ. ಅಜ್ಜ ಕೈಚಾಚಿ ಮುಷ್ಟಿ ಹಿಡಿದು, ಒಂದು ಕಣ್ಣು ಮುಚ್ಚಿ, ಡ್ರೈವರನ್ನು ಅಳೆದು ನೋಡಿದರು. ಪಕ್ಕದವರೂ ಅಳೆದರು. ಆಯನೂರು ದಾಟುವಾಗ ಅರ್ಧ ಬಸ್ಸು ಮುಷ್ಟಿ ಎತ್ತಿ ಕೂತಿತ್ತು. ಹೊರಗಿನಿಂದ ನೋಡಿದವರು ಯಾವುದೋ ಹೋರಾಟಕ್ಕೆ ಹೊರಟವರು ಅಂದುಕೊಂಡಿರಬೇಕು.

ಇನ್ನು ನನ್ನ ನಾಟಕದ ಹುಚ್ಚು. ಹೆಗ್ಗೋಡಿನ ನೀನಾಸಂಗೆ ಇಷ್ಟು ಹತ್ತಿರ ಇದ್ದು ನಾಟಕದ ಹುಚ್ಚು ಹಿಡಿಯದಿದ್ದರೆ ಅದೇ ಕಾಯಿಲೆ. ನಮ್ಮದು ಸಣ್ಣ ಹವ್ಯಾಸಿ ತಂಡ. ಮಾತು ಕಲಿಯಲು ನಾನು ಕಂಪ್ಯೂಟರಿನ ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎ ಹಾಕಿಕೊಳ್ಳುತ್ತೇನೆ. ಓದುವಾಗ ನನ್ನ ಕಿಂಡಿ ಒಂದು ಸಾಲಿನಿಂದ ಮುಂದಿನ ಸಾಲಿಗೆ ಇಳಿಯುವಷ್ಟರಲ್ಲಿ ದಾರಿ ತಪ್ಪುತ್ತದೆ, ಅದಕ್ಕೆ. ಮೈಕೆಲ್ ಕರ್ರನ್ ಅನ್ನುವ ಆಸ್ಟ್ರೇಲಿಯಾದ ಅಂಧ ಹುಡುಗ 2006ರಲ್ಲಿ ಶುರುಮಾಡಿದ ತಂತ್ರಾಂಶ ಇದು. ಪೂರ್ತಿ ಪುಕ್ಕಟೆ, ಪುಣ್ಯಾತ್ಮ. ತೊಂದರೆ ಒಂದೇ. "ಅಯ್ಯೋ, ನನ್ನ ಕಂದಾ!" ಅನ್ನುವುದನ್ನೂ ಅದು ಎರಡನೇ ಪ್ಲಾಟ್‌ಫಾರಂಗೆ ರೈಲು ಬರುತ್ತಿದೆ ಅನ್ನುವ ಹಾಗೆ ಓದುತ್ತದೆ. ತಾಲೀಮಿನಲ್ಲಿ ನಾನೂ ಹಾಗೇ ಹೇಳಿ ಬೈಸಿಕೊಂಡಿದ್ದೇನೆ.

ಆ ವರ್ಷ ನನ್ನದು ರಾಜಮಾತೆಯ ಪಾತ್ರ. ಅರಮನೆಯ ದೃಶ್ಯ ಮುಗಿದು ದೀಪ ಆರಬೇಕು, ಎಲ್ಲರೂ ಒಳಗೆ ಹೋಗಬೇಕು, ಮುಂದಿನದು ಕಾಡು. ಉಳಿದವರ ಕಣ್ಣು ಕತ್ತಲಿಗೆ ಒಂದಿಷ್ಟಾದರೂ ಹೊಂದಿಕೊಳ್ಳುತ್ತದೆ. ನನಗೆ ಬಾವಿಗೆ ಬಿದ್ದ ಹಾಗೆ. ಬಲಕ್ಕೆ ಆರು ಹೆಜ್ಜೆ ಅಂತ ಲೆಕ್ಕ ಮಾಡಿಟ್ಟುಕೊಂಡಿದ್ದೆ. ಮೊದಲ ಪ್ರದರ್ಶನದ ದಿನ ನಾಲ್ಕನೇ ಹೆಜ್ಜೆಗೇ ಏನೋ ಸಿಕ್ಕಿತು. ಸೈಡ್ ವಿಂಗ್ ಅಂದುಕೊಂಡು ಗಟ್ಟಿಯಾಗಿ ತಬ್ಬಿಕೊಂಡೆ. ದೀಪ ಬಂತು. ರಂಗದ ನಟ್ಟನಡುವೆ, ಕಾಡಿನಲ್ಲಿ, ಕಿರೀಟ ಹಾಕಿಕೊಂಡ ರಾಜಮಾತೆ ಥರ್ಮೋಕೋಲ್ ಮರವನ್ನು ಅಪ್ಪಿ ನಿಂತಿದ್ದಾಳೆ. ಆ ಕಡೆಯಿಂದ ಬಂದ ಬೇಡ ಬೆಚ್ಚಿಬಿದ್ದ. ಆದರೂ ಘಾಟಿ ನಟ, ಕೂಡಲೆ ಬಗ್ಗಿ ಕೈಮುಗಿದ.

"ರಾಜಮಾತೆ, ಕಾಡಿನಲ್ಲಿ ತಾವು?"

"ದಾರಿ ತಪ್ಪಿದೆ, ಮಗನೇ" ಅಂದೆ. ಸುಳ್ಳೇನೂ ಅಲ್ಲ. ಚಪ್ಪಾಳೆ ಬಿತ್ತು.

ಮರುವಾರ ಊರಿನ ಪತ್ರಿಕೆಯಲ್ಲಿ ವಿಮರ್ಶೆ. ರಾಜಮಾತೆ ಒಂಟಿಯಾಗಿ ಕಾಡಿನಲ್ಲಿ ನಿಲ್ಲುವುದು 'ಅಧಿಕಾರದ ಕುರುಡುತನಕ್ಕೆ ಸಮರ್ಥ ರೂಪಕ'ವಂತೆ. ನಿರ್ದೇಶಕರು ಅದನ್ನು ಮೂರು ಸಲ ಓದಿ, ಆ ದೃಶ್ಯವನ್ನು ಖಾಯಂ ಮಾಡಿದರು. ಎರಡನೇ ಪ್ರದರ್ಶನಕ್ಕೆ ನಾನು ನಿಲ್ಲಬೇಕಾದಲ್ಲಿ ಒಂದು ಚೂರು ಗೋಣಿತಾಟು ಹಾಸಿ ಅಂಟಿಸಿದರು. ಬರಿಗಾಲಿಗೆ ಗೋಣಿ ಸಿಕ್ಕಿತೆಂದರೆ ಅಲ್ಲೇ ನಿಲ್ಲುವುದು, ಅಷ್ಟೆ.

ದೀಪ ಆರಿತು. ಎರಡು ಹೆಜ್ಜೆ ಇಟ್ಟೆ, ಗೋಣಿ ಸಿಕ್ಕಿತು. ಜೀವನದಲ್ಲಿ ಮೊದಲ ಸಲ ಕತ್ತಲಲ್ಲಿ ನಾನೆಲ್ಲಿದ್ದೇನೆ ಅಂತ ನನಗೆ ಸರಿಯಾಗಿ ಗೊತ್ತಿತ್ತು. ಬೀಗುತ್ತಾ ನಿಂತೆ. ಅಷ್ಟರಲ್ಲಿ ಮೆತ್ತಗಿನ ಕೈಯೊಂದು ನನ್ನ ಕೈ ಹಿಡಿಯಿತು. ಹೊಸದಾಗಿ ಸೇರಿದ್ದ ಸಖಿಯ ಪಾತ್ರದ ಹುಡುಗಿ. ಅವಳಿಗೆ ನನ್ನ ಕಣ್ಣಿನ ವಿಷಯ ಯಾರೋ ಹೇಳಿದ್ದರು, ದೃಶ್ಯ ಬದಲಾದ ವಿಷಯ ಹೇಳಿರಲಿಲ್ಲ. "ಹೆದರಬೇಡಿ ಅಕ್ಕಾ, ನಾನಿದ್ದೀನಿ" ಅಂತ ಕಿವಿಯಲ್ಲಿ ಪಿಸುಗುಟ್ಟಿ ದರದರ ಎಳೆದುಕೊಂಡು ಹೋದಳು. ಬಾಯಿ ಬಿಡುವ ಹಾಗಿಲ್ಲ, ಮುಂದೆ ಜನ ಕೂತಿದ್ದಾರೆ.

ದೀಪ ಬಂತು. ಬೇಡ ಗತ್ತಿನಿಂದ ರಂಗದ ನಡುವೆ ಬಂದು, ಬಗ್ಗಿ, ಥರ್ಮೋಕೋಲ್ ಮರಕ್ಕೆ ಕೈಮುಗಿದು ಕೇಳಿದ, "ರಾಜಮಾತೆ, ಕಾಡಿನಲ್ಲಿ ತಾವು?"

ನಾನು ಸೈಡ್ ವಿಂಗಿನೊಳಗಿಂದ ಕೂಗಿ ಹೇಳಿದೆ, "ಇಲ್ಲ ಮಗನೇ, ಮನೆ ಸೇರಿದೆ."