ಈ ವರ್ಷ ನಮಗೆ ಪರೀಕ್ಷೆ

ಈ ವರ್ಷ ನಮಗೆ ಪರೀಕ್ಷೆ. ನಮಗೆ ಅಂದರೆ ನನಗೆ, ನನ್ನ ಹೆಂಡತಿಗೆ, ಅಜ್ಜಿಗೆ, ದಿನಕ್ಕೆ ಎರಡು ಸಲ ಫೋನ್ ಮಾಡುವ ನನ್ನ ಬಾಮೈದನಿಗೆ. ಮಗಳೂ ಬರೆಯುತ್ತಾಳೆ ಎಂದು ಕೇಳಿದ್ದೇನೆ.

ಮೊದಲು ನನಗೂ ಇದು ಗೊತ್ತಿರಲಿಲ್ಲ. ಮಗಳು ಶಾಲೆಯ ಕೊನೆಯ ವರ್ಷಕ್ಕೆ ಬಂದ ವಾರ, ಹೆಂಡತಿ ಯಾರ ಹತ್ತಿರವೋ ಫೋನಿನಲ್ಲಿ ಹೇಳುತ್ತಿದ್ದಳು. "ನಮ್ದು ಗಣಿತ ಪರವಾಗಿಲ್ಲ. ಕೆಮಿಸ್ಟ್ರೀನೇ ಇನ್ನೂ ಕೈಗೆ ಹತ್ತಿಲ್ಲ." ಅವಳು ಕೆಮಿಸ್ಟ್ರಿ ಪುಸ್ತಕ ಮುಟ್ಟಿ ಇಪ್ಪತ್ತೈದು ವರ್ಷವಾಗಿದೆ. ನನಗೆ ನಗು ಬಂತು. ಮರುದಿನ ಆಫೀಸಿನಲ್ಲಿ ಯಾರೋ "ತಯಾರಿ ಎಲ್ಲಿಗೆ ಬಂತು?" ಎಂದು ಕೇಳಿದರು. "ಇನ್ನು ಮೂರು ಪಾಠ ಉಳ್ಕೊಂಡಿವೆ, ಭಾನುವಾರ ಮುಗಿಸಿಬಿಡ್ತೀವಿ" ಎಂದು ನನ್ನ ಬಾಯಿಂದ ಸಲೀಸಾಗಿ ಬಂದುಬಿಟ್ಟಿತು. ಅಲ್ಲಿಗೆ ನನ್ನ ಹೆಸರೂ ನೋಂದಣಿಯಾಯಿತು.

'ನಾವು' ಎಂಬುದು ಬಹಳ ದೊಡ್ಡ ಮನಸ್ಸಿನ ಪದ. ಎಲ್ಲರನ್ನೂ ಒಳಗೆ ಕೂರಿಸಿಕೊಳ್ಳುತ್ತದೆ. ಆದರೆ ಅದಕ್ಕೂ ಒಂದು ವಾಯಿದೆ ಇದೆ. ಕಿರುಪರೀಕ್ಷೆಯ ಅಂಕ ಬಂದ ದಿನ ಅದು 'ಅವಳು' ಆಗುತ್ತದೆ. ಅಂಕ ಇನ್ನೂ ಕಡಿಮೆ ಇದ್ದರೆ 'ನಿಮ್ಮ ಮಗಳು'.

ಮೊದಲ ಕೆಲಸವಾಗಿ ಮನೆಯಲ್ಲಿ ಸದ್ದು ಅಡಗಿಸಿದೆವು. ಟಿವಿಗೆ ಬೆಡ್‌ಶೀಟ್ ಹೊದಿಸಿದೆವು. ತೀರಿಕೊಂಡ ಯಾರನ್ನೋ ನಡುಮನೆಯಲ್ಲಿ ಮಲಗಿಸಿದ ಹಾಗೆ ಕಾಣತೊಡಗಿತು. ಕಾಲಿಂಗ್ ಬೆಲ್ಲಿನ ವೈರು ಕಿತ್ತೆ. (ಆಮೇಲೆ ಬಂದವರೆಲ್ಲ ಬಾಗಿಲು ದಬದಬ ಬಡಿಯತೊಡಗಿದರು, ಅದು ಬೇರೆ ಮಾತು.) ನೆಂಟರಿಗೆ ಬರಬೇಡಿ ಎಂದೆವು. ಅವರು ಬರಲಿಲ್ಲ. ಯಾಕೆ ಬರಬಾರದು ಎಂದು ಕೇಳಲು ಒಬ್ಬೊಬ್ಬರೂ ಅರ್ಧ ಗಂಟೆ ಫೋನ್ ಮಾಡಿದರು. ನಾವು ಗಂಡ ಹೆಂಡತಿ ಜಗಳವನ್ನೂ ಪಿಸುಮಾತಿನಲ್ಲೇ ಆಡಿದೆವು. ಒಮ್ಮೆ ಆಡಿ ನೋಡಿ. ಒಳ್ಳೊಳ್ಳೆ ಬೈಗುಳವೇ ಕೇಳಿಸುವುದಿಲ್ಲ. "ಏನಂದ್ರಿ?" ಎಂದು ಕೇಳಿ, ಮತ್ತೊಮ್ಮೆ ಬೈಸಿಕೊಳ್ಳಬೇಕು.

ಒಂದು ವಾರ ಕಳೆದ ಮೇಲೆ ಮಗಳು ಕೋಣೆಯಿಂದ ಹೊರಗೆ ಬಂದಳು. "ಅಪ್ಪಾ, ದಯವಿಟ್ಟು ಇಬ್ಬರೂ ಜೋರಾಗಿ ಮಾತಾಡಿ. ಗುಸುಗುಸು ಅಂದ್ರೆ ನನ್ನ ಬಗ್ಗೆನೇ ಏನೋ ಅಂತ ಕಿವಿ ಆ ಕಡೆ ಹೋಗುತ್ತೆ."

ನಮ್ಮದು ಅತಿಯಾಯಿತು ಅನ್ನುವವರಿಗೆ ಒಂದು ಮಾತು. ದಕ್ಷಿಣ ಕೊರಿಯಾದಲ್ಲಿ ಕಾಲೇಜು ಪ್ರವೇಶ ಪರೀಕ್ಷೆಯ ದಿನ, ಇಂಗ್ಲಿಷ್ ಕೇಳಿಸಿಕೊಂಡು ಉತ್ತರ ಬರೆಯುವ ಅರ್ಧ ಗಂಟೆ ಚಿಲ್ಲರೆ ಹೊತ್ತು, ವಿಮಾನಗಳು ಏರುವುದನ್ನೂ ಇಳಿಯುವುದನ್ನೂ ನಿಲ್ಲಿಸಿಬಿಡುತ್ತಾರೆ. ಅವತ್ತು ಷೇರುಪೇಟೆಯೂ ತಡವಾಗಿ ತೆರೆಯುತ್ತದೆ. ಇದನ್ನು ತಮಾಷೆ ಎಂದುಕೊಂಡು ಹೆಂಡತಿಗೆ ಓದಿ ಹೇಳಿದೆ. ಅವಳು ನಗಲಿಲ್ಲ. ತಲೆ ಎತ್ತಿ ಸೂರು ನೋಡಿದಳು. "ಅವರು ವಿಮಾನ ನಿಲ್ಲಿಸಿದ್ದಾರೆ. ನಿಮ್ಮ ಕೈಲಿ ಮೇಲಿನ ಮನೆಯವರು ಕುರ್ಚಿ ಎಳೆಯೋದನ್ನ ನಿಲ್ಲಿಸೋಕೆ ಆಗಿಲ್ಲ."

ಇನ್ನು ನನ್ನ ಟೈಮ್‌ಟೇಬಲ್. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಯಾಕೆಂದರೆ ಈ ವರ್ಷ ನಾನು ಮನಸ್ಸಿಟ್ಟು ಮಾಡಿದ ಕೆಲಸ ಅದೊಂದೇ. ಎಕ್ಸೆಲ್‌ನಲ್ಲಿ ಮಾಡಿದೆ, ಏಳು ಬಣ್ಣ ಹಾಕಿ. ಗಣಿತಕ್ಕೆ ಕೆಂಪು, ವಿಜ್ಞಾನಕ್ಕೆ ಹಸಿರು. ಭಾಷೆಗಳಿಗೆ ಒಂದು ತೆಳು ಹಳದಿ, ಯಾಕೆಂದರೆ ಭಾಷೆಯನ್ನು ಯಾರೂ ಓದಬೇಕಾಗಿಲ್ಲ ಎಂಬುದು ನಮ್ಮ ಮನೆಯ ನಂಬಿಕೆ. ಹಲ್ಲುಜ್ಜಲು ನಾಲ್ಕು ನಿಮಿಷ. ಸಂಜೆ 6.10ರಿಂದ 6.25ರವರೆಗೆ 'ಮನಸ್ಸು ಹಗುರ'. 6.25ಕ್ಕೆ ಸರಿಯಾಗಿ ಮನಸ್ಸು ಮತ್ತೆ ಭಾರವಾಗತಕ್ಕದ್ದು. ಮೂರು ರಾತ್ರಿ ಹಿಡಿಯಿತು. ಆ ಮೂರು ರಾತ್ರಿ ನಾನೇ ಓದಿದಷ್ಟು ಸಂತೋಷವಾಗಿತ್ತು. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದೆ.

ಮೊದಲ ದಿನ ಬೆಳಗ್ಗೆ ಏಳೂವರೆಗೇ ಹನ್ನೊಂದು ನಿಮಿಷ ಹಿಂದೆ ಬಿದ್ದೆವು. ಆ ಹನ್ನೊಂದು ನಿಮಿಷವನ್ನು ಎಲ್ಲಿ ತುಂಬುವುದು ಎಂದು ಕೂತು ಎರಡನೇ ಆವೃತ್ತಿ ತಯಾರಿಸಿದೆ. ಅದು ಗೋಡೆಗೆ ಏರುವ ಹೊತ್ತಿಗೆ ಅವಳಿಗೆ ನೆಗಡಿ. ನೆಗಡಿಗೆ ಬಣ್ಣ ಇರಲಿಲ್ಲ. ಮೂರನೇ ಆವೃತ್ತಿ. ಈಗ ಒಂಬತ್ತನೆಯದು ನಡೆಯುತ್ತಿದೆ. ಎಲ್ಲವನ್ನೂ ಒಂದರ ಮೇಲೊಂದು ಅಂಟಿಸಿರುವುದರಿಂದ ಗೋಡೆ ಅಲ್ಲಿ ಸ್ವಲ್ಪ ಉಬ್ಬಿದೆ. ಮೊನ್ನೆ ಅವಳ ಮೇಜಿನ ಮೇಲೆ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆ ಸಿಕ್ಕಿತು. ಪೆನ್ಸಿಲಿನಲ್ಲಿ ಗೀಚಿದ್ದಳು: 'ಇವತ್ತು ಟ್ರಿಗೊನೊಮೆಟ್ರಿ, ಒಂದು ಹಳೇ ಪ್ರಶ್ನೆಪತ್ರಿಕೆ, ನಿದ್ದೆ.' ಮೂರನ್ನೂ ಗೀಟು ಎಳೆದು ಹೊಡೆದುಹಾಕಿದ್ದಳು. ಒಂದು ಬಣ್ಣವಿಲ್ಲ, ಒಂದು ಚೌಕ ಇಲ್ಲ. ಇಂಥವರು ಮುಂದೆ ಹೇಗೆ ಬದುಕುತ್ತಾರೋ.

ನಿದ್ದೆ ಅಂದಾಗ ನೆನಪಾಯಿತು. ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಎಂದು ಹೇಳಿದೆ. ವಾರಕ್ಕೆ ಇರಬೇಕು ಎಂದುಕೊಂಡೆ. ದಿನಕ್ಕಂತೆ! ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ಹಿಂದೆ ಸರಿದು, ನಿದ್ದೆ ತರುವ ಮೆಲಟೋನಿನ್ ರಾತ್ರಿ ತಡವಾಗಿ ಹೊರಬರುತ್ತದೆ. ಹಾಗಾಗಿ ಬೇಗ ಮಲಗು ಅಂದರೂ ನಿದ್ದೆ ಬರುವುದಿಲ್ಲ, ಬೇಗ ಏಳು ಅಂದರೂ ಎಚ್ಚರವಾಗುವುದಿಲ್ಲ. ಇದನ್ನೆಲ್ಲ ಓದಿ ತಿಳಿದುಕೊಂಡ ಮೇಲೂ ನಾನು ಅವಳನ್ನು ಬೆಳಗಿನ ನಾಲ್ಕಕ್ಕೆ ಎಬ್ಬಿಸಿದೆ. ನಮ್ಮಪ್ಪ ನನ್ನನ್ನು ನಾಲ್ಕಕ್ಕೆ ಎಬ್ಬಿಸುತ್ತಿದ್ದರು. ನಾನು ಪುಸ್ತಕದ ಮೇಲೆ ತಲೆಯಿಟ್ಟು ಏಳರವರೆಗೆ ನಿದ್ದೆ ಮಾಡುತ್ತಿದ್ದೆ. ಆ ಸಂಸ್ಕಾರ ಮುಂದುವರಿಯಬೇಕಲ್ವಾ? ಈಗ ಅವಳು ಮೇಜಿನ ಮೇಲೆ ನಿದ್ದೆ ಮಾಡುತ್ತಾಳೆ, ನಾನು ಕಾವಲಿಗೆ ಕೂತ ಕುರ್ಚಿಯಲ್ಲಿ.

ಆದರೆ ನಿಜವಾದ ಜಗಳ ಆದದ್ದು ಪುಸ್ತಕ ಮುಚ್ಚಿದ ವಿಷಯಕ್ಕೆ. ಒಂದು ಸಂಜೆ ಬಾಗಿಲ ಸಂದಿಯಿಂದ ಇಣುಕಿದೆ. (ಇಣುಕುವುದಲ್ಲ, ಬೆಂಬಲ ಎಂದು ಓದಿಕೊಳ್ಳಿ.) ಪುಸ್ತಕ ಮುಚ್ಚಿದೆ. ಮಗಳು ಫ್ಯಾನು ನೋಡುತ್ತ ಕೂತಿದ್ದಾಳೆ. ತುಟಿ ಅಲ್ಲಾಡುತ್ತಿದೆ. ನನಗೆ ಎದೆ ಧಸಕ್ಕೆಂದಿತು.

"ಯಾಕಮ್ಮಾ ಸುಮ್ನೆ ಕೂತಿದ್ದೀಯ?"

"ಓದ್ತಾ ಇದ್ದೀನಿ."

"ಪುಸ್ತಕ ಮುಚ್ಚಿದೆ!"

"ಅದಕ್ಕೇ ಓದ್ತಾ ಇದ್ದೀನಿ."

ಅಪ್ಪ ಅಮ್ಮಂದಿರ ಕಾನೂನು ಬಹಳ ಸರಳ. ಪುಸ್ತಕ ತೆರೆದಿದ್ದರೆ ಓದು, ಮುಚ್ಚಿದ್ದರೆ ಸೋಮಾರಿತನ. ಹಾಗಾಗಿ ನಾನು ಅರ್ಧ ಗಂಟೆ ಉಪದೇಶ ಮಾಡಿದೆ. ಅವಳು ಕೇಳಿಸಿಕೊಂಡು, ಯಾವುದೋ ಲೇಖನ ನನ್ನ ಫೋನಿಗೆ ಕಳಿಸಿದಳು. 2006ರಲ್ಲಿ ರೋಡಿಗರ್, ಕಾರ್ಪಿಕಿ ಎಂಬಿಬ್ಬರು ಮಾಡಿದ ಪ್ರಯೋಗ. ವಿದ್ಯಾರ್ಥಿಗಳಿಗೆ ಒಂದು ಬರಹ ಓದಲು ಕೊಟ್ಟರು. ಕೆಲವರು ಅದನ್ನೇ ಮತ್ತೆ ಓದಿದರು. ಉಳಿದವರು ಬರಹ ಪಕ್ಕಕ್ಕಿಟ್ಟು, ನೆನಪಿದ್ದಷ್ಟನ್ನು ತಾವೇ ಬರೆದು ನೋಡಿಕೊಂಡರು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಓದಿದವರೇ ಮುಂದು. ವಾರ ಕಳೆದು ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿಸಿಕೊಂಡವರಿಗೇ ಜಾಸ್ತಿ ನೆನಪಿತ್ತು. ಅಂದರೆ, ಅಪ್ಪ ಇಣುಕಿದಾಗ ಚೆನ್ನಾಗಿ ಕಾಣುವ ಓದು ಒಂದು, ಪರೀಕ್ಷೆಗೆ ಒದಗುವ ಓದು ಇನ್ನೊಂದು. 2013ರಲ್ಲಿ ಡನ್ಲೋಸ್ಕಿ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಅವರ ಜೊತೆಗಾರರು ಹತ್ತು ಬಗೆಯ ಓದಿನ ವಿಧಾನಗಳನ್ನು ತೂಗಿ ನೋಡಿದ್ದರಂತೆ. ಸಾಲುಗಳಿಗೆ ಬಣ್ಣ ಬಳಿಯುವುದಕ್ಕೂ ಓದಿದ್ದನ್ನೇ ಮತ್ತೆ ಓದುವುದಕ್ಕೂ ಕೆಳಗಿನ ದರ್ಜೆ ಸಿಕ್ಕಿತು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದಕ್ಕೂ, ಒಂದೇ ಸಲ ಗುಡ್ಡೆ ಹಾಕದೆ ದಿನಗಳಿಗೆ ಹಂಚಿ ಓದುವುದಕ್ಕೂ ಮೇಲಿನ ದರ್ಜೆ.

ನಾನು ಆ ವಾರವಷ್ಟೇ ಅವಳಿಗೆ ಹನ್ನೆರಡು ಬಣ್ಣದ ಹೈಲೈಟರ್ ತಂದಿದ್ದೆ. ಲೇಖನ ಓದಿದ ಮೇಲೆ ತಪ್ಪು ಒಪ್ಪಿಕೊಳ್ಳಬಹುದಿತ್ತು. ಅದರ ಬದಲು ಲೇಖನದ ಮುಖ್ಯ ಸಾಲುಗಳಿಗೆ ಗುಲಾಬಿ ಹೈಲೈಟರ್ ಬಳಿದು ಫ್ರಿಜ್ಜಿನ ಮೇಲೆ ಅಂಟಿಸಿದೆ.

ಬಾಮೈದನ ಕೆಲಸ ಭಯ ಹುಟ್ಟಿಸುವುದು. "ಟೆನ್ಶನ್ ಮಾಡ್ಕೋಬೇಡ ಪುಟ್ಟಿ" ಎಂದೇ ಶುರು ಮಾಡುತ್ತಾನೆ. "ಜೀವನದಲ್ಲಿ ಇದೊಂದೇ ಪರೀಕ್ಷೆ ಅಲ್ಲ. ಆದ್ರೆ ಇದರಲ್ಲಿ ಹೋದ್ರೆ ಜೀವನ ಹೋಯ್ತು ಅಂತಾನೇ." 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು, ಎರಡು ಪೆಟ್ಟಿಗೆಗಳಲ್ಲಿ ಸರಿಯಾದುದನ್ನು ಆರಿಸಲು ಇಲಿಗಳಿಗೆ ಕಲಿಸಿದ್ದರು. ತಪ್ಪಿದರೆ ಕರೆಂಟ್ ಶಾಕ್. ಆಯ್ಕೆ ಕಷ್ಟವಾಗಿದ್ದಾಗ ಶಾಕ್ ಒಂದು ಮಿತಿ ದಾಟಿ ಜೋರಾದರೆ ಇಲಿಗಳು ನಿಧಾನವಾಗಿ ಕಲಿತವು. ಇದನ್ನು ಬಾಮೈದನಿಗೆ ಹೇಳಿದೆ. "ಇಲಿಗಳಿಗೆ ಕಾಳಜಿ ಮಾಡುವ ಸೋದರಮಾವ ಇರಲಿಲ್ಲ ಭಾವ" ಎಂದ. ಅದೂ ಒಂದು ಪಾಯಿಂಟೇ.

ಫೋನ್ ಕಸಿದುಕೊಂಡ ಕಥೆ ಚಿಕ್ಕದು. ಮಗಳ ಫೋನ್ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮೇಷ್ಟ್ರು ನೋಟ್ಸ್ ಕಳಿಸುವುದು ಅದಕ್ಕೇ ಎಂದು ಗೊತ್ತಾದ ಮೇಲೆ ಅರ್ಧ ಗಂಟೆಗೊಮ್ಮೆ ಬೀರು ತೆಗೆದು, ನೋಟ್ಸ್ ನೋಡಿ, ಅವಳಿಗೆ ಓದಿ ಹೇಳತೊಡಗಿದೆ. ರಾತ್ರಿ ಒಂದು ಗಂಟೆಗೆ ನೀರು ಕುಡಿಯಲು ಎದ್ದ ಮಗಳಿಗೆ ಸಿಕ್ಕಿಬಿದ್ದವನು ನಾನು. 'ಮಕ್ಕಳಿಗೆ ಫೋನ್ ಬಿಡಿಸುವುದು ಹೇಗೆ' ಎಂಬ ವಿಡಿಯೋದ ಹದಿನೇಳನೇ ಭಾಗ ನೋಡುತ್ತಿದ್ದೆ.

ಅವತ್ತು ಅವಳು ಬೈಯಲಿಲ್ಲ. ಪಕ್ಕದಲ್ಲಿ ಕೂತಳು. "ಅಪ್ಪಾ, ನನಗೆ ಎರಡೇ ಬೇಕು. ಸಂಜೆ ಒಂದು ಇಪ್ಪತ್ತು ನಿಮಿಷ ಪುಸ್ತಕ ನೀವು ಹಿಡ್ಕೊಂಡು ಪ್ರಶ್ನೆ ಕೇಳಿ. ಬರದಿದ್ರೆ ಮುಖ ಸಿಂಡರಿಸ್ಬೇಡಿ. ಉಳಿದ ಹೊತ್ತು ಸುಮ್ನೆ ಇರಿ."

ಸುಮ್ನೆ ಇರುವುದು! ಇಷ್ಟು ಸಣ್ಣ ಕೆಲಸಕ್ಕೆ ನಾವು ತಯಾರೇ ಆಗಿರಲಿಲ್ಲ ಅಂದರೆ ಏನು? ಮರುದಿನವೇ ಗಂಡ ಹೆಂಡತಿ ಸಭೆ ಸೇರಿದೆವು. ಯಾರು ಎಷ್ಟು ಹೊತ್ತು ಸುಮ್ಮನಿರಬೇಕು, ಸುಮ್ಮನಿರುವಾಗ ಎಲ್ಲಿ ಕೂರಬೇಕು, ಒಬ್ಬರಿಗೆ ತಡೆಯಲಾಗದೆ ಮಾತು ಬಂದರೆ ಇನ್ನೊಬ್ಬರು ಏನು ಮಾಡಬೇಕು ಎಂದು ಎರಡು ಗಂಟೆ ಚರ್ಚೆ ನಡೆಯಿತು. ಟೈಮ್‌ಟೇಬಲ್‌ನ ಹತ್ತನೇ ಆವೃತ್ತಿಯಲ್ಲಿ 'ಸುಮ್ಮನಿರುವುದು' ಸೇರಿತು. ಬಣ್ಣ ನೇರಳೆ.

ಹಳೆಯ ಚೀನಾದಲ್ಲಿ ಸರ್ಕಾರಿ ಹುದ್ದೆಯ ಪರೀಕ್ಷೆಗೆ ಬಂದವರನ್ನು ಒಬ್ಬೊಬ್ಬರನ್ನೇ ಗೂಡಿನಂಥ ಕೋಣೆಗೆ ಕಳಿಸಿ, ದಿನಗಟ್ಟಲೆ ಅಲ್ಲೇ ಬರೆಸುತ್ತಿದ್ದರು. ಸಾವಿರದ ಮುನ್ನೂರು ವರ್ಷದಷ್ಟು ನಡೆದ ಆ ಪದ್ಧತಿ 1905ರಲ್ಲಿ ನಿಂತಿತು. ಬಹಳ ಕ್ರೂರ ಎನ್ನುತ್ತಾರೆ. ಮಗಳಿಗೆ ಹೇಳಿದೆ. "ಒಳಗೆ ಅಪ್ಪ ಅಮ್ಮ ಬರ್ತಿರಲಿಲ್ಲ ತಾನೇ?" ಎಂದು ಕೇಳಿದಳು, ಸ್ವಲ್ಪ ಆಸೆಯಿಂದಲೇ.

ಅಂತೂ ಆ ದಿನ ಬಂತು. ಮಗಳು ಒಳಗೆ ಹೋದಳು. ಗೇಟಿನ ಹೊರಗೆ ನಾವು ನೂರಾರು ಜನ ನಿಂತೆವು. ಅಷ್ಟು ಮಂದಿಯಲ್ಲಿ ಒಬ್ಬರ ಮುಖದಲ್ಲೂ ರಕ್ತವಿರಲಿಲ್ಲ. ಒಬ್ಬರು ಕಣ್ಣು ಮುಚ್ಚಿ ಸೂತ್ರ ಹೇಳಿಕೊಳ್ಳುತ್ತಿದ್ದರು. ಇನ್ನೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಐದನೇ ಪಾಠ ಬಿಟ್ಟುಬಿಟ್ಟಿದ್ದೀವಿ ಸಾರ್, ಏನಾಗುತ್ತೋ" ಎಂದರು. ಅವರ ಕೈ ತಣ್ಣಗಿತ್ತು. ಮೂರು ಗಂಟೆ ನಂತರ ಗಂಟೆ ಹೊಡೆಯಿತು, ಮಕ್ಕಳು ನಗುತ್ತ ಹೊರಗೆ ಬಂದರು.

'ಹೇಗಿತ್ತು' ಎಂದು ಕೇಳಬಾರದು ಅಂತ ಆ ವಿಡಿಯೋದ ಹದಿನೇಳೂ ಭಾಗಗಳಲ್ಲಿ ಹೇಳಿದ್ದರು. ನಾನು ಕೇಳಲಿಲ್ಲ. "ಬಿಸಿಲು ಜಾಸ್ತಿ ಅಲ್ವಾ?" ಎಂದೆ. ಮೋಡ ಕವಿದಿತ್ತು. ಮಗಳು ಒಮ್ಮೆ ನನ್ನ ಮುಖ ನೋಡಿ ಪ್ರಶ್ನೆಪತ್ರಿಕೆಯನ್ನು ಕೈಗೆ ಕೊಟ್ಟಳು. "ತಗೊಳ್ಳಿ" ಎಂದಷ್ಟೇ ಹೇಳಿ ಕಾರಿನ ಹಿಂದಿನ ಸೀಟಿನಲ್ಲಿ ನಿದ್ದೆ ಹೋದಳು. ಮನೆಗೆ ಬಂದು ಹಾಸಿಗೆಯಲ್ಲಿ ಅದೇ ನಿದ್ದೆ ಮುಂದುವರಿಸಿದಳು.

ನಾವಿಬ್ಬರೂ ನಡುಮನೆಯಲ್ಲಿ ಕೂತು ಪತ್ರಿಕೆ ಬಿಡಿಸಿದೆವು. ಪಿಸುಮಾತಿನಲ್ಲೇ. ಏಳನೇ ಪ್ರಶ್ನೆ ಸಿಲಬಸ್ಸಿನಲ್ಲೇ ಇರಲಿಲ್ಲ ಎಂದು ನಾನು ವಾದಿಸಿದೆ. ಪುಸ್ತಕ ತೆಗೆದು ನೋಡಿದರೆ ಎರಡನೇ ಪುಟದಲ್ಲೇ ಇತ್ತು. ಹದಿಮೂರನೆಯದಕ್ಕೆ ಇಬ್ಬರದೂ ಬೇರೆ ಬೇರೆ ಉತ್ತರ, ಎರಡೂ ತಪ್ಪು. ರಾತ್ರಿ ಹತ್ತಕ್ಕೆ ಕೂಡಿಸಿ ನೋಡಿದೆವು. ನೂರಕ್ಕೆ ಮೂವತ್ತೊಂದು, ಅದೂ ಇಬ್ಬರದೂ ಸೇರಿ.

ಹೆಂಡತಿ ಪತ್ರಿಕೆಯನ್ನು ನಾಲ್ಕಾಗಿ ಮಡಿಸಿದಳು. ಬಹಳ ಹೊತ್ತು ಮಾತಾಡಲಿಲ್ಲ.

"ನೀವು ಸರಿಯಾಗಿ ಓದಿರಲಿಲ್ಲ" ಎಂದಳು.